ಲೂವಿಯೆಯ ತರುಣ ಪ್ರತಿನಿಧಿ

1932ನೆಯ ಇಸವಿಯ ಮೇ ತಿಂಗಳಲ್ಲಿ ಫ್ರಾನ್ಸಿನ ಮಹಾಚುನಾವಣೆಯ ಫಲಿತಾಂಶಗಳು ಹೊರಬಿದ್ದಾಗ, ನಾರ್ಮಂಡಿ ಪ್ರಾಂತದಲ್ಲಿ ಯೂರ್ ನದಿಯ ದಂಡೆಯ ಮೇಲಿದ್ದು ಉಣ್ಣೆಬಟ್ಟೆಯ ನೆಯ್ಗೆಗೆ ಹೆಸರಾಗಿದ್ದ ಲೂವಿಯೆ ಎಂಬ ಸಣ್ಣ ಪಟ್ಟಣವು ತನ್ನ ಪ್ರತಿನಿಧಿಯಾಗಿ ಪ್ಯಾರಿಸ್ಸಿಗೆ ಕಳುಹಿಸಿದುದು 25 ವರ್ಷದ ಒಬ್ಬ ವಕೀಲನನ್ನು. ಶಾಸನಸಭೆಯ ಸದಸ್ಯನಾಗಲು ಆ ಕಾಲದ ಕಾನೂನು ವಿಧಿಸಿದ್ದ ಕನಿಷ್ಠ ವಯಸ್ಸೂ ಅಷ್ಟೇ ಆದುದರಿಂದ, ಸಭೆಯಲ್ಲಿ ಆತನಿಗಿಂತ ಕಿರಿಯನಾದವನು ಮತ್ತೊಬ್ಬನಿರಲಿಲ್ಲ. ಪಿಯೇರ್ ಮೆಂದೆಸ್ ಫ್ರಾನ್ಸ್ ಎಂಬುದು ಆತನ ನಾಮಧೇಯ. ಕೊನೆಯ ಪದವು ದೇಶದ ಹೆಸರಾಗಿ ಕಂಡರೂ ಅದು ಆತನ ಮನೆತನದ ಹೆಸರಿನ ಅಂಗವೇ ಆಗಿದ್ದಿತು.

ಪೋರ್ಚುಗಲ್ ಮೂಲದ ಯೆಹೂದ್ಯ ಕುಟುಂಬವೊಂದರಲ್ಲಿ, ಬಟ್ಟೆ ವ್ಯಾಪಾರಿಯ ಮಗನಾಗಿ, 1907ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಈತನು, ಹದಿಹರೆಯದಲ್ಲಿಯೇ ರಾಡಿಕಲ್ ಪಕ್ಷವನ್ನು ಸೇರಿ, ನ್ಯಾಯಶಾಸ್ತ್ರವನ್ನು ಓದಿ, ಡಾಕ್ಟರ್ ಪದವಿಗಾಗಿ ಆರಿಸಿಕೊಂಡ ವಿಷಯವು ಪ್ರಧಾನಿ ಪ್ವಾಂಕಾರೆಯ ಹಣಕಾಸಿನ ನೀತಿ. ಮೊದಲ ಮಹಾಯುದ್ಧದ ತರುವಾಯ ಕುಸಿಯುತ್ತಿದ್ದ ಫ್ರಾಂಕ್ ನಾಣ್ಯವನ್ನು ಪ್ವಾಂಕಾರೆಯು ಯುದ್ಧಪೂರ್ವದ ಬೆಲೆಯ ಐದನೆಯ ಒಂದು ಪಾಲಿಗೆ ಕಟ್ಟಿ ನಿಲ್ಲಿಸಿದನಷ್ಟೆ. ಆ ಐದರಲ್ಲಿ ಉಳಿದ ನಾಲ್ಕು ಪಾಲಿನ ನಷ್ಟವು ಸಾಲಪತ್ರಗಳಲ್ಲಿ ಉಳಿತಾಯವನ್ನಿರಿಸಿದ್ದ ಸಾಮಾನ್ಯ ಗೃಹಸ್ಥರ ತಲೆಯ ಮೇಲೆ ಬಿದ್ದಿತು. ರಾಜ್ಯದ ಲೆಕ್ಕಪತ್ರವೆಂಬುದು ಗುಮಾಸ್ತರಿಗೆ ಬಿಟ್ಟ ಶುಷ್ಕ ವಿಷಯವಲ್ಲ, ಅದು ಸರಕಾರಕ್ಕೂ ಪ್ರಜೆಗೂ ನಡುವಣ ಸತ್ಯಾಸತ್ಯದ ವ್ಯವಹಾರ ಎಂಬ ನಂಬಿಕೆಯು ಈ ತರುಣನಲ್ಲಿ ಬೇರೂರಿದುದನ್ನು ಆತನ ಮುಂದಿನ ನಡೆವಳಿಕೆಯೆಲ್ಲ ತೋರಿಸುತ್ತದೆ. ಆತನ ಏಳಿಗೆಗೂ ಆತನ ಸೋಲಿಗೂ ಇದೊಂದೇ ಗುಣ ಕಾರಣವಾಯಿತೆಂದು ನಾನು ಭಾವಿಸುತ್ತೇನೆ.

ಮಂತ್ರಿಮಂಡಲಗಳು ತಿಂಗಳುಗಳ ಲೆಕ್ಕದಲ್ಲಿ ಏಳುತ್ತ ಬೀಳುತ್ತಲಿದ್ದ ಆ ಮೂರನೆಯ ಗಣರಾಜ್ಯದಲ್ಲಿ ಹೊಸ ಸದಸ್ಯನೊಬ್ಬನ ಮಾತಿಗೆ ಎಷ್ಟು ಬೆಲೆ? ಆದರೂ 1936ರ ಜುಲೈ ತಿಂಗಳಿನಲ್ಲಿ, ಹಿಟ್ಲರನ ಬರ್ಲಿನ್ನಿನಲ್ಲಿ ನಡೆಯಲಿದ್ದ ಒಲಿಂಪಿಕ್ ಕ್ರೀಡೆಗಳಿಗೆ ಫ್ರಾನ್ಸಿನ ತಂಡವನ್ನು ಕಳುಹಿಸಲು ಹಣ ಮಂಜೂರು ಮಾಡುವ ಪ್ರಶ್ನೆಯು ಸಭೆಯ ಮುಂದೆ ಬಂದಾಗ, ಎಡಪಕ್ಷಗಳ ಸದಸ್ಯರು ಮತವೀಯದೆ ತಟಸ್ಥರಾಗಿ ಕುಳಿತಿರಲು, ವಿರೋಧವಾಗಿ ಮತವಿತ್ತವನು ಈತನೊಬ್ಬನೇ. ಹಿಂದಿನ ವರ್ಷವೇ ಲೂವಿಯೆಯ ಜನ ಈತನನ್ನು ತಮ್ಮ ಊರಿನ ಮೇಯರನನ್ನಾಗಿ ಆರಿಸಿಕೊಂಡಿದ್ದರು. 1938ರ ಮಾರ್ಚಿನಲ್ಲಿ ಲೆಯೋ ಬ್ಲೂಮನ ಎರಡನೆಯ ಸರಕಾರದಲ್ಲಿ, 31ನೆಯ ವಯಸ್ಸಿಗೆ, ಖಜಾನೆಯ ಉಪಮಂತ್ರಿಯಾದನು. ಸೈನ್ಯದ ಸಿದ್ಧತೆಗಾಗಿ ಸಮಗ್ರವಾದೊಂದು ಆರ್ಥಿಕ ಯೋಜನೆಯನ್ನು ರಚಿಸುವುದರಲ್ಲಿ ಪಾಲುಗೊಂಡನು. ಸೆನೆಟ್ ಅದನ್ನು ತಿರಸ್ಕರಿಸಿತು. ಸರಕಾರವು ಒಂದು ತಿಂಗಳೂ ಬಾಳಲಿಲ್ಲ.

ಯುದ್ಧವು ಬಂದಿತು. ವಾಯುಸೇನೆಯ ಅಧಿಕಾರಿಯಾಗಿದ್ದ ಈತನು, 1940ರ ಜೂನಿನಲ್ಲಿ ಫ್ರಾನ್ಸು ಶರಣಾಗತವಾದಾಗ, ಉತ್ತರ ಆಫ್ರಿಕದಿಂದ ಹೋರಾಟವನ್ನು ಮುಂದುವರಿಸಬೇಕೆಂಬ ಆಶೆಯಿಂದ ಬೇರೆ ಕೆಲವು ಸದಸ್ಯರೊಡನೆ ಮಸ್ಸೀಲಿಯ ಎಂಬ ಹಡಗನ್ನೇರಿ ಮೊರೊಕ್ಕೊ ದೇಶವನ್ನು ಸೇರಿದನು. ಜರ್ಮನರೊಡನೆ ಹೊಂದಿಕೊಂಡಿದ್ದ ವಿಶಿ ಸರಕಾರವು, ಯುದ್ಧಕ್ಕೆ ಹೊರಟವನ ಮೇಲೆಯೇ ಸೈನ್ಯದಿಂದ ಓಡಿಹೋದ ಅಪರಾಧವನ್ನು ಹೊರಿಸಿ, 1941ರ ಮೇ ತಿಂಗಳಿನಲ್ಲಿ ಕ್ಲೆರ್ಮೋಂ-ಫೆರಾಂ ಪಟ್ಟಣದ ಸೈನಿಕ ನ್ಯಾಯಾಲಯದಿಂದ ಆರು ವರ್ಷದ ಕಾರಾವಾಸವನ್ನು ಕೊಡಿಸಿತು. ಸುಮಾರು ಆರು ವಾರ ಕಳೆದ ಮೇಲೆ ಒಂದು ರಾತ್ರಿ ಆತನು ಸೆರೆಯಿಂದ ತಪ್ಪಿಸಿಕೊಂಡು ಆವರಣದ ಗೋಡೆಯನ್ನೇರಿದನು. ಇನ್ನೇನು ಕೆಳಗೆ ಧುಮುಕಬೇಕು, ಅಷ್ಟರಲ್ಲಿ ಅಲ್ಲಿಯ ಮರದಡಿ ಇಬ್ಬರು ಪ್ರೇಮಿಗಳು ಕುಳಿತಿರುವುದು ಗೋಚರವಾಯಿತು. ಹುಡುಗನ ಮನಸ್ಸಿನಲ್ಲಿದ್ದುದು ಸ್ಪಷ್ಟವಾಗಿದ್ದಿತು, ಹುಡುಗಿಯ ಮನಸ್ಸು ಇನ್ನೂ ತೂಗಾಡುತ್ತಿದ್ದಿತು. ಕಾವಲುಗಾರರು ಯಾವ ಗಳಿಗೆಯಲ್ಲಿ ಬಂದಾರೋ ಎಂಬ ಭಯದಲ್ಲಿ, ಆಕೆ ಒಪ್ಪಿ ಇಬ್ಬರೂ ಎದ್ದು ಹೋಗುವವರೆಗೆ ಈ ಮಾಜಿ ಮಂತ್ರಿಯು ಗೋಡೆಯ ಮೇಲೆ ಉಸಿರು ಬಿಗಿಹಿಡಿದು ಕಾದಿರಬೇಕಾಯಿತು. ಬಹುಕಾಲದ ಮೇಲೆ, ಆ ಯುದ್ಧಕಾಲವನ್ನು ಕುರಿತ ಸಾಕ್ಷ್ಯಚಿತ್ರವೊಂದರಲ್ಲಿ ಆತನೇ ಈ ಪ್ರಸಂಗವನ್ನು ನಿರೂಪಿಸಿದ್ದಾನೆ. ಮುಂದೆ ವೇಷ ಮರೆಸಿಕೊಂಡು ಲಂಡನ್ನನ್ನು ಸೇರಿ, ಸುರಕ್ಷಿತವಾದ ಕಚೇರಿಯ ಕೆಲಸವನ್ನು ಬಯಸದೆ, ಸ್ವತಂತ್ರ ಫ್ರಾನ್ಸಿನ ಲೊರೇನ್ ಎಂಬ ಬಾಂಬರ್ ಪಡೆಯಲ್ಲಿ ಹಾರಾಟಕ್ಕೆ ತೊಡಗಿದನು.

ದೇಶವು ವಿಮೋಚನೆ ಹೊಂದಿದಾಗ ಸ್ವತಂತ್ರ ಫ್ರಾನ್ಸಿನ ನಾಯಕ ದಗಾಲನು ಈತನನ್ನು ರಾಷ್ಟ್ರೀಯ ಅರ್ಥವ್ಯವಸ್ಥೆಯ ಮಂತ್ರಿಯನ್ನಾಗಿ ನಿಯಮಿಸಿದನು. ಕಾಳಸಂತೆಯಲ್ಲಿ ಕೊಬ್ಬಿದವರ ಹಣ ಬಯಲಿಗೆ ಬರುವಂತೆ ಹಳೆಯ ನೋಟುಗಳನ್ನು ಹಿಂದಕ್ಕೆ ಪಡೆದು ಹೊಸವನ್ನು ಮಿತವಾಗಿ ಕೊಡಬೇಕು, ಬ್ಯಾಂಕಿನ ಲೆಕ್ಕಗಳನ್ನು ತಡೆಹಿಡಿಯಬೇಕು, ಕಷ್ಟವನ್ನು ಈಗಲೇ ಎಲ್ಲರೂ ಹಂಚಿಕೊಳ್ಳಬೇಕು ಎಂಬುದು ಈತನ ವಾದ. ಬಳಲಿದ ಜನಕ್ಕೆ ಇನ್ನಷ್ಟು ಬಿಗಿಯುವುದು ಬೇಡ, ಸಾಲವೆತ್ತಿ ಸಾಗಿಸೋಣ ಎಂಬುದು ಹಣಕಾಸಿನ ಮಂತ್ರಿ ಪ್ಲೆವೆನನ ವಾದ. ದಗಾಲನು ಪ್ಲೆವೆನನ ಕಡೆಗೆ ವಾಲಿದನು. 1945ರ ಏಪ್ರಿಲಿನಲ್ಲಿ ಮೆಂದೆಸ್ ಫ್ರಾನ್ಸನು ರಾಜೀನಾಮೆಯನ್ನಿತ್ತು ಹೊರಬಂದನು. ಮುಂದಿನ ವರ್ಷಗಳಲ್ಲಿ ಫ್ರಾನ್ಸಿನ ಬೆಲೆಗಳು ಏರಿದ ಪರಿಯನ್ನು ನೋಡಿದರೆ, ಕಹಿಯಾದ ಆ ಔಷಧವು ಪ್ರಯೋಗಕ್ಕಾದರೂ ಬರಬೇಕಾಗಿತ್ತೆಂದು ನನಗೆ ತೋರುತ್ತದೆ.

ಒಂಬತ್ತು ವರ್ಷಗಳ ಮೇಲೆ, ಫ್ರಾನ್ಸು ಇಂಡೋಚೀನದಲ್ಲಿ ನಡೆಸುತ್ತಿದ್ದ ಯುದ್ಧದಲ್ಲಿ ದಿಯೆನ್ ಬಿಯೆನ್ ಫೂ ಕೋಟೆ ವಿಯೆಟ್ನಾಮಿನವರ ವಶವಾಗಿ ದೇಶವು ದಿಕ್ಕೆಟ್ಟಿದ್ದಾಗ, ಇದೇ ಮನುಷ್ಯನನ್ನು ಪ್ರಧಾನಿಯ ಪೀಠಕ್ಕೆ ಕರೆದರು. 1954ರ ಜುಲೈ 20ರೊಳಗಾಗಿ ಇಂಡೋಚೀನದಲ್ಲಿ ಕದನವಿರಾಮವನ್ನು ಸಾಧಿಸದಿದ್ದರೆ ಅಧಿಕಾರವನ್ನು ತ್ಯಜಿಸುವೆನೆಂದು ಸಭೆಯ ಮುಂದೆ ವಾಯಿದೆಯನ್ನಿಟ್ಟು, ಜಿನೀವಾದಲ್ಲಿ ಅದನ್ನು ಆ ರಾತ್ರಿಯೇ ನೆರವೇರಿಸಿದನು. ಆ ಸಮ್ಮೇಳನದಲ್ಲಿ ಭಾರತಕ್ಕೆ ಪೀಠವಿರಲಿಲ್ಲವಾದರೂ ವಿ. ಕೆ. ಕೃಷ್ಣ ಮೆನನ್ನರು ಎಲ್ಲ ನಿಯೋಗಗಳ ನಡುವೆ ಓಡಾಡಿ ಮಾತುಕತೆಗೆ ನೆರವಾದರು. ಪುದುಚೇರಿ, ಕಾರೈಕಾಲ್, ಮಾಹೆ, ಯಾನಂ ಇವುಗಳ ಆಡಳಿತವು ಭಾರತಕ್ಕೆ ಹಸ್ತಾಂತರವಾದುದೂ ಇದೇ ಸರಕಾರದ ಕಾಲದಲ್ಲಿ, ಅದೇ ವರ್ಷದ ನವೆಂಬರ್ 1ರಂದು. ವಿಧಿಯ ವಿಲಾಸದಿಂದ ಅದೇ ದಿನ ಆಲ್ಜೀರಿಯದಲ್ಲಿ ದಂಗೆಯ ಮೊದಲ ಗುಂಡುಗಳು ಹಾರಿದವು. ಭಾರತದಲ್ಲಿ ತೋರಿದ ಔದಾರ್ಯವನ್ನು ಆತನು ಅಲ್ಲಿ ತೋರಲಾರದೆ ಹೋದನು. ಆಲ್ಜೀರಿಯವು ಫ್ರಾನ್ಸಿನ ಅಂಗವೆಂದೇ ಸಾರಿ ಸೈನ್ಯವನ್ನು ಕಳುಹಿಸಿದನೆಂಬುದನ್ನು ಆತನ ಅಭಿಮಾನಿಗಳೂ ಮರೆಯಬಾರದು.

ಇಷ್ಟರ ನಡುವೆ, ಸೇಬಿನ ತೋಟಗಳಿಂದ ತುಂಬಿ, ಮನೆಮನೆಯಲ್ಲಿ ಮದ್ಯವನ್ನು ಭಟ್ಟಿಯಿಳಿಸುವ ಹಕ್ಕನ್ನು ಪಿತ್ರಾರ್ಜಿತವೆಂಬಂತೆ ಕಾಪಾಡಿಕೊಂಡಿದ್ದ ನಾರ್ಮಂಡಿಯ ಪ್ರತಿನಿಧಿಯಾಗಿದ್ದೂ, ಆತನು ಆ ಹಕ್ಕಿಗೇ ಕತ್ತರಿ ಹಾಕಿದನು. ಶಾಲೆಯ ಮಕ್ಕಳಿಗೆ ಹಾಲು ಕೊಡಿಸಿದನು. ಔತಣಗಳಲ್ಲಿ ತಾನೂ ಹಾಲಿನ ಲೋಟವನ್ನೇ ಎತ್ತಿದನು. ತನ್ನ ಮತದಾರರ ಹಿತ್ತಲಿಗೇ ಕೈಯಿಕ್ಕುವ ಪ್ರತಿನಿಧಿಗಳು ಯಾವ ದೇಶದಲ್ಲಿಯೂ ವಿರಳ.

1955ರ ಫೆಬ್ರುವರಿಯಲ್ಲಿ, ಉತ್ತರ ಆಫ್ರಿಕದ ನೀತಿಯ ಮೇಲೆ ನಡೆದ ಚರ್ಚೆಯಲ್ಲಿ, 273ಕ್ಕೆ 319 ಮತಗಳಿಂದ ಸರಕಾರವು ಉರುಳಿತು. ಸೋತ ಪ್ರಧಾನಿಯು ಮೌನವಾಗಿ ಹೊರನಡೆಯುವುದು ವಾಡಿಕೆ. ಈತನು ವೇದಿಕೆಯನ್ನು ಮತ್ತೆ ಹತ್ತಿ ಮಾತನಾಡತೊಡಗಿದಾಗ ವಿರೋಧಿಗಳು ಕೂಗೆಬ್ಬಿಸಿ ಆ ಮಾತನ್ನು ಮುಳುಗಿಸಿದರು. 1958ರಲ್ಲಿ ದಗಾಲನ ಹೊಸ ಸಂವಿಧಾನವನ್ನು ವಿರೋಧಿಸಿ ಚುನಾವಣೆಗೆ ನಿಂತಾಗ, 26 ವರ್ಷಗಳ ಹಿಂದೆ ತರುಣನನ್ನು ಆರಿಸಿದ್ದ ಕ್ಷೇತ್ರದವರೇ ಆತನನ್ನು ಸೋಲಿಸಿದರು. ಮೆಂದೆಸ್ ಫ್ರಾನ್ಸನು ಲೂವಿಯೆಯ ಮೇಯರ್ ಪದವಿಗೂ ರಾಜೀನಾಮೆ ಕೊಟ್ಟನು.