ಹವಾನಿಯಂತ್ರಣ ಯಂತ್ರದ ಸಾಮರ್ಥ್ಯ: ಅಂದಾಜಿಗಿಂತ ಲೆಕ್ಕ ಲೇಸು

ಹೊಸ ಕಚೇರಿಗೆ ಹವಾನಿಯಂತ್ರಣ ಅಳವಡಿಸುವಾಗ ಬಹುತೇಕ ಉದ್ಯಮಿಗಳು ಮಾರಾಟಗಾರರ ಮಾತನ್ನೇ ನೆಚ್ಚುತ್ತಾರೆ. ‘120 ಚದರ ಅಡಿಗೆ ಒಂದು ಟನ್’ ಎಂಬಂಥ ಸ್ಥೂಲ ಸೂತ್ರದಿಂದ ಯಂತ್ರ ಖರೀದಿಯಾಗುತ್ತದೆ. ಅಗತ್ಯಕ್ಕಿಂತ ದೊಡ್ಡ ಯಂತ್ರ ಕೊಂಡರೆ ಬಂಡವಾಳ ವ್ಯರ್ಥವಾಗುವುದಲ್ಲದೆ, ಮಂಜೂರಾದ ವಿದ್ಯುತ್ ಲೋಡ್ ಹೆಚ್ಚಿ ನಿಗದಿತ ಶುಲ್ಕದ ಹೊರೆಯೂ ಪ್ರತಿ ತಿಂಗಳು ಬೀಳುತ್ತದೆ. ಯಂತ್ರ ಪದೇ ಪದೇ ನಿಂತು ಚಾಲೂ ಆಗುವುದರಿಂದ ಗಾಳಿಯ ತೇವಾಂಶವೂ ಸರಿಯಾಗಿ ತಗ್ಗದು.

ಲೆಕ್ಕದ ತಿರುಳು

ಗೋಡೆ, ಛಾವಣಿ ಅಥವಾ ಗಾಜಿನ ಮೂಲಕ ಹಾಯುವ ಶಾಖವು ಮೂರು ಅಂಶಗಳ ಗುಣಲಬ್ಧ: ವಿಸ್ತೀರ್ಣ, ಒಳಹೊರಗಿನ ಉಷ್ಣಾಂಶದ ಅಂತರ ಮತ್ತು ಆ ವಸ್ತುವಿನ ಶಾಖ ಪ್ರಸರಣಾಂಕ. ಯೂರೋಪಿನ ಶೀತಪ್ರದೇಶಗಳಲ್ಲಿ ಮನೆಯಿಂದ ಹೊರಹೋಗುವ ಶಾಖವನ್ನು ಇದೇ ರೀತಿ ಲೆಕ್ಕಹಾಕಿ ಹೀಟ್ ಪಂಪ್ ಆರಿಸುತ್ತಾರೆ. ನಮ್ಮಲ್ಲಿ ಒಳಬರುವ ಶಾಖವನ್ನು ಎಣಿಸಬೇಕು, ಅಷ್ಟೇ ವ್ಯತ್ಯಾಸ.

ಒಂದು ನಿದರ್ಶನ

ಕಲಬುರಗಿಯಲ್ಲಿ ಮೇಲಂತಸ್ತಿನ, 10 ಮೀಟರ್ ಉದ್ದ, 6 ಮೀಟರ್ ಅಗಲ, 3 ಮೀಟರ್ ಎತ್ತರದ, ಹತ್ತು ಜನರ ಕಚೇರಿಯೊಂದನ್ನು ಊಹಿಸೋಣ. ಹೊರಗೆ 40, ಒಳಗೆ 24 ಡಿಗ್ರಿ ಸೆಲ್ಸಿಯಸ್. ಬಿಸಿಲಿಗೆ ಕಾದ ಛಾವಣಿಗೆ ಮಾತ್ರ ಅಂತರವನ್ನು 30 ಡಿಗ್ರಿ ಎಂದು ಹಿಡಿಯಲಾಗಿದೆ.

- ಕಾಂಕ್ರೀಟ್ ಛಾವಣಿ (60 × 3.5 × 30): 6,300 ವಾಟ್
- ಬಿಸಿಲಿಗೆ ತೆರೆದ ಇಟ್ಟಿಗೆ ಗೋಡೆ (40 × 2 × 16): 1,280 ವಾಟ್
- ಕಿಟಕಿ ಗಾಜು (8 × 5.7 × 16): 730 ವಾಟ್
- ಗಾಜಿನ ಮೂಲಕ ಬಿಸಿಲು: 1,200 ವಾಟ್
- ಸಿಬ್ಬಂದಿ: 1,300 ವಾಟ್
- ಕಂಪ್ಯೂಟರ್, ದೀಪ: 1,300 ವಾಟ್
- ಹೊರಗಾಳಿ: 950 ವಾಟ್

ಒಟ್ಟು 13,060 ವಾಟ್. ಒಂದು ಟನ್ ಎಂದರೆ 3,517 ವಾಟ್. ಶೇಕಡ 10ರಷ್ಟು ಹೆಚ್ಚುವರಿ ಸೇರಿಸಿದರೆ ಸುಮಾರು 4.1 ಟನ್ ಬೇಕು. ಸ್ಥೂಲ ಸೂತ್ರವಾದರೋ 646 ಚದರ ಅಡಿಗೆ ಐದೂವರೆ ಟನ್ ಸಮೀಪ ಹೇಳುತ್ತದೆ.

ಛಾವಣಿಯೇ ಮುಖ್ಯ

ಒಟ್ಟು ಶಾಖದಲ್ಲಿ ಹೆಚ್ಚುಕಡಿಮೆ ಅರ್ಧಪಾಲು ಛಾವಣಿಯದೇ. ಅದರ ಮೇಲೆ 75 ಮಿಲಿಮೀಟರ್ ಥರ್ಮೋಕೋಲ್ ಪದರ ಹಾಸಿ, ನೀರು ಸೋರದಂತೆ ಮುಚ್ಚಿದರೆ ಪ್ರಸರಣಾಂಕ 3.5ರಿಂದ ಸುಮಾರು 0.4ಕ್ಕೆ ಇಳಿಯುತ್ತದೆ. ಛಾವಣಿಯ ಶಾಖ 720 ವಾಟ್‌ಗೆ ತಗ್ಗಿ, ಒಟ್ಟು ಅಗತ್ಯ 2.3 ಟನ್ ಆಗುತ್ತದೆ. ಆಗ ಒಂದೂವರೆ ಟನ್ ಹಾಗೂ ಒಂದು ಟನ್‌ನ ಎರಡು ಯಂತ್ರಗಳು ಸಾಕು. ಶಾಖನಿರೋಧಕದ ವೆಚ್ಚ ಒಮ್ಮೆ ಮಾತ್ರ. ಉಳಿತಾಯ ಖರೀದಿಯಲ್ಲೂ ಪ್ರತಿ ತಿಂಗಳ ಬಿಲ್ಲಿನಲ್ಲೂ.

ಈ ಲೆಕ್ಕ ಅಂತಿಮ ವಿನ್ಯಾಸವಲ್ಲ. ಕಟ್ಟಡದ ದಿಕ್ಕು, ನೆರಳು, ತೇವಾಂಶಗಳನ್ನು ನೋಡಿ ಇಂಜಿನಿಯರರು ನಿರ್ಧರಿಸಬೇಕು. ಆದರೆ ದರಪಟ್ಟಿ ಕೇಳುವಾಗ ಶಾಖದ ಲೆಕ್ಕವನ್ನೂ ಲಿಖಿತವಾಗಿ ಕೇಳುವುದು ಖರೀದಿದಾರರ ಹಿತಕ್ಕೆ ಒಳ್ಳೆಯದು. ಲೆಕ್ಕ ಕೊಡಲಾಗದ ದರಪಟ್ಟಿಯನ್ನು ಅಗ್ಗವೆಂದು ಒಪ್ಪುವ ಮುನ್ನ ಮತ್ತೊಮ್ಮೆ ಯೋಚಿಸುವುದು ಒಳಿತು.