ಸೋತವರಿಗೂ ಒಂದು ಕುರ್ಚಿ

ಚುನಾವಣೆಯಲ್ಲಿ ಸೋತವರು ಸೋಲನ್ನು ಒಪ್ಪಿಕೊಂಡು ಸುಮ್ಮನಾಗುವುದು ನಮಗೆ ಸಹಜವಾಗಿ ಕಾಣುತ್ತದೆ. ಆದರೆ ಸೋತರೆ ತಮಗೆ ಉಳಿಗಾಲವಿಲ್ಲವೆಂದು ಹೆದರುವವರಿರುವ ದೇಶದಲ್ಲಿ? 1990ರ ಫೆಬ್ರವರಿಯಲ್ಲಿ ನೆಲ್ಸನ್ ಮಂಡೇಲಾ ಸೆರೆಮನೆಯಿಂದ ಹೊರಬಂದಾಗ ದಕ್ಷಿಣ ಆಫ್ರಿಕದ ಸ್ಥಿತಿ ಹೀಗೇ ಇತ್ತು. ಬಹುಸಂಖ್ಯಾತ ಕಪ್ಪು ಜನರಿಗೆ ಸಂಸತ್ತಿನ ಚುನಾವಣೆಯಲ್ಲಿ ಮತವೇ ಇರಲಿಲ್ಲ. ಸೈನ್ಯ, ಪೊಲೀಸು, ಖಜಾನೆ ಬಿಳಿಯರ ಸರ್ಕಾರದ ಕೈಯಲ್ಲಿದ್ದವು.

ನಮ್ಮ ಲೋಕಸಭೆಯಂತೆ ಅಲ್ಲಿಯೂ ಕ್ಷೇತ್ರದಲ್ಲಿ ಅತಿ ಹೆಚ್ಚು ಮತ ಪಡೆದವರು ಗೆಲ್ಲುವ ಪದ್ಧತಿಯಿತ್ತು. ಅದರ ಕಹಿಯನ್ನೂ ಆ ದೇಶ ಉಂಡಿತ್ತು. 1948ರಲ್ಲಿ ಬಿಳಿಯರೇ ಹೆಚ್ಚಾಗಿ ಮತ ಹಾಕಿದ ಚುನಾವಣೆಯಲ್ಲಿ ನ್ಯಾಷನಲ್ ಪಕ್ಷ ತನ್ನ ಎದುರಾಳಿಗಿಂತ ಕಡಿಮೆ ಮತ ಪಡೆದರೂ ಹೆಚ್ಚು ಸ್ಥಾನ ಗಳಿಸಿತು. ವರ್ಣಭೇದ ನೀತಿಯನ್ನು ಕಾನೂನಾಗಿಸಿದ್ದು ಅದೇ ಪಕ್ಷ.

ಸಂಧಾನಕಾರರು ಆರಿಸಿಕೊಂಡದ್ದು ಪ್ರಮಾಣಾನುಗುಣ ಪ್ರಾತಿನಿಧ್ಯ. ಮತ ಪಕ್ಷಕ್ಕೆ; ಪಡೆದ ಮತದ ಪ್ರಮಾಣಕ್ಕೆ ತಕ್ಕಂತೆ 400 ಸ್ಥಾನಗಳ ಹಂಚಿಕೆ. ಜರ್ಮನಿಯಲ್ಲಿರುವ ಶೇ. 5ರಂಥ ಕನಿಷ್ಠ ಮಿತಿಯನ್ನೂ ಇಡಲಿಲ್ಲ. ಇದು ಜಾಣತನವೆಂದೇ ನನಗನಿಸುತ್ತದೆ, ಏಕೆಂದರೆ ಸಣ್ಣ ಗುಂಪುಗಳು ಬೀದಿಯಲ್ಲಿರುವುದಕ್ಕಿಂತ ಸಭೆಯೊಳಗಿರುವುದು ಮೇಲು. ಇಂಕಥಾ ಪಕ್ಷ ಮತದಾನಕ್ಕೆ ಸುಮಾರು ಒಂದು ವಾರವಿದ್ದಾಗ ಸ್ಪರ್ಧಿಸಲು ಒಪ್ಪಿತು. ಅಷ್ಟರಲ್ಲಿ ಮತಪತ್ರಗಳು ಅಚ್ಚಾಗಿಬಿಟ್ಟಿದ್ದವು! ಕೊನೆಗೆ ಆ ಪಕ್ಷದ ಹೆಸರಿನ ಚೀಟಿಯನ್ನು ಮತಪತ್ರದ ಕೆಳಗೆ ಅಂಟಿಸಿದರು.

1994ರ ಏಪ್ರಿಲ್‌ನಲ್ಲಿ ಮಂಡೇಲಾ ಅವರ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ 252 ಸ್ಥಾನ ಪಡೆಯಿತು. ಶೇ. 0.45 ಮತ ಪಡೆದ ಪಕ್ಷಕ್ಕೂ 2 ಸ್ಥಾನ ಸಿಕ್ಕಿತು. ಇನ್ನೊಂದು ಏರ್ಪಾಡನ್ನು ಗಮನಿಸಿ: 1993ರ ಮಧ್ಯಂತರ ಸಂವಿಧಾನದ ಪ್ರಕಾರ 20 ಸ್ಥಾನ ಗಳಿಸಿದ ಪಕ್ಷಕ್ಕೆ ಮಂತ್ರಿಮಂಡಲದಲ್ಲಿ ಪಾಲು, 80 ಗಳಿಸಿದರೆ ಉಪಾಧ್ಯಕ್ಷ ಪದವಿ. ನ್ಯಾಷನಲ್ ಪಕ್ಷಕ್ಕೆ ಬಂದದ್ದು 82. ಹೀಗೆ ಹಿಂದಿನ ಅಧ್ಯಕ್ಷ ಡಿ ಕ್ಲರ್ಕ್, ಮಂಡೇಲಾ ಕೆಳಗೆ ಉಪಾಧ್ಯಕ್ಷರಾದರು. 1996ರಲ್ಲಿ ಅವರ ಪಕ್ಷ ಸರ್ಕಾರ ಬಿಟ್ಟಿತು. ಅಷ್ಟು ಹೊತ್ತಿಗೆ ಅತ್ಯಂತ ಅಪಾಯದ ಕಾಲ ಕಳೆದಿತ್ತು.

ಇದಕ್ಕೆ ತೆತ್ತ ಬೆಲೆಯೂ ಉಂಟು. ನಿಮ್ಮೂರಿನ ನೀರಿನ ತೊಂದರೆಗೆ ನೀವು ನಿಮ್ಮ ಕ್ಷೇತ್ರದ ಸದಸ್ಯರನ್ನು ಹಿಡಿದು ಕೇಳಬಹುದು. ಅಲ್ಲಿ ಹಾಗೆ ಕ್ಷೇತ್ರವೇ ಇಲ್ಲ. ಪಟ್ಟಿಯಲ್ಲಿ ಹೆಸರು ಬರೆಯುವುದು ಪಕ್ಷ, ಸದಸ್ಯರ ನಿಷ್ಠೆಯೂ ಅತ್ತಲೇ. ಪಕ್ಷೇತರರಿಗೂ ಅವಕಾಶ ಬೇಕೆಂದು 2020ರಲ್ಲಿ ಸಾಂವಿಧಾನಿಕ ನ್ಯಾಯಾಲಯ ತೀರ್ಪಿತ್ತಿತು. 2024ರಲ್ಲಿ ಅವರು ಮೊದಲ ಬಾರಿಗೆ ಸಂಸತ್ತಿಗೆ ಸ್ಪರ್ಧಿಸಿದರು. ಒಬ್ಬರೂ ಗೆಲ್ಲಲಿಲ್ಲ.