ನಿಂತ ಗಡಿಯಾರದ ಜೀರ್ಣೋದ್ಧಾರ

ತುಂಗಭದ್ರೆಯ ಅಣೆಕಟ್ಟಿನ ನೆರಳಿನಲ್ಲಿ ಬೆಳೆದ ನನಗೆ ಕೈಗಡಿಯಾರವೊಂದರ ಅಂತರಂಗವನ್ನು ಮೊತ್ತಮೊದಲು ಕಂಡಾಗ ಅದು ಅಪರಿಚಿತವಾದ ವಸ್ತುವೆಂದು ತೋರಲಿಲ್ಲ. ಸಂಚಿತವಾದ ಶಕ್ತಿ ಒಂದೆಡೆ, ಅದು ಒಮ್ಮೆಲೇ ಹರಿದುಹೋಗದಂತೆ ತಡೆಯುವ ಬಾಗಿಲು ಇನ್ನೊಂದೆಡೆ, ಆ ಬಾಗಿಲಿನಿಂದ ಅಳತೆ ತಪ್ಪದೆ ಹೊರಟದ್ದು ಕಾಲುವೆಯಿಂದ ಕಾಲುವೆಗೆ ಇಳಿದು ಹೊಲವನ್ನು ಮುಟ್ಟುವ ಏರ್ಪಾಡು ಮತ್ತೊಂದೆಡೆ, ಇಷ್ಟನ್ನು ಟಿ.ಬಿ. ಡ್ಯಾಮಿನವರಾದ ನಾವು ಯಾರೂ ಹೇಳಿಕೊಡದೆಯೇ ಬಲ್ಲೆವು.

ತಂದೆಯವರ ಮರದ ಪೆಟ್ಟಿಗೆಯಲ್ಲಿ ಬಹುಕಾಲ ನಿಶ್ಚೇಷ್ಟವಾಗಿ ಮಲಗಿದ್ದ ಆ ಗಡಿಯಾರ ಅಮೆರಿಕದ ಬುಲೋವಾ ಕಂಪನಿಯದು. ದಿನವೂ ಕೀ ಕೊಡಬೇಕಾದ ಅವಶ್ಯಕತೆಯಿಲ್ಲದೆ, ಕಟ್ಟಿಕೊಂಡವರ ಕೈಯ ಚಲನೆಯಿಂದಲೇ ತನಗೆ ತಾನು ಕೀ ಕೊಟ್ಟುಕೊಳ್ಳುವ ಆಟೊಮ್ಯಾಟಿಕ್ ಜಾತಿಗೆ ಸೇರಿದ್ದು. ಅದರ ಬೆನ್ನಿನ ಮುಚ್ಚಳದ ಮೇಲೆ ‘ಎಲ್ 7’ ಎಂಬ ಸಣ್ಣ ಗುರುತುಂಟು. ಆ ಕಾಲದ ಬುಲೋವಾಗಳಲ್ಲಿ ‘ಎಲ್’ ಎಂಬ ಅಕ್ಷರವು 1950ರ ದಶಕವನ್ನೂ ‘ಎಂ’ ಎಂಬುದು 1960ರ ದಶಕವನ್ನೂ, ಮುಂದಿನ ಅಂಕಿಯು ಆ ದಶಕದ ವರ್ಷವನ್ನೂ ಸೂಚಿಸುತ್ತವೆ. ಆದುದರಿಂದ ನನ್ನ ಕೈಯಲ್ಲಿರುವುದು 1957ರದು; ನಮ್ಮ ಅಣೆಕಟ್ಟೆಯ ಕಾಮಗಾರಿ ಮುಗಿದ 1953ಕ್ಕಿಂತ ನಾಲ್ಕೇ ವರ್ಷ ಕಿರಿಯದು.

ಗಡಿಯಾರವೆಂದರೆ ಸ್ವಿಟ್ಜರ್ಲೆಂಡ್ ಎಂದು ಈಗ ಎಲ್ಲರೂ ಭಾವಿಸುವುದುಂಟು. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಆ ದೇಶದವರನ್ನೇ ದಿಗ್ಭ್ರಮೆಗೊಳಿಸಿದವರು ಅಮೆರಿಕದ ವಾಲ್ಥಮ್, ಎಲ್ಜಿನ್ ಮೊದಲಾದ ಕಾರ್ಖಾನೆಗಳವರು. ಒಬ್ಬ ಕುಶಲಕರ್ಮಿ ಒಂದೊಂದು ಭಾಗವನ್ನೂ ಕೈಯಲ್ಲಿ ಉಜ್ಜಿ ಹೊಂದಿಸುವ ಪದ್ಧತಿಗೆ ಪ್ರತಿಯಾಗಿ, ಯಂತ್ರದಿಂದಲೇ ಒಂದಕ್ಕೊಂದು ಬದಲಿಯಾಗಬಲ್ಲ ಭಾಗಗಳನ್ನು ರಾಶಿರಾಶಿಯಾಗಿ ತೆಗೆಯುವ ಕ್ರಮವನ್ನು ಅವರು ಸಾಧಿಸಿದ್ದರು. 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಅದನ್ನು ಕಂಡ ಸ್ವಿಸ್ ತಜ್ಞರು ಊರಿಗೆ ಮರಳಿ ತಮ್ಮವರನ್ನು ಎಚ್ಚರಿಸಿದರು. ಬೊಹೀಮಿಯಾದಿಂದ ವಲಸೆ ಬಂದ ಜೋಸೆಫ್ ಬುಲೋವಾ 1875ರಲ್ಲಿ ನ್ಯೂಯಾರ್ಕಿನಲ್ಲಿ ತೆರೆದ ಆಭರಣದ ಅಂಗಡಿಯೇ ಕಾಲಕ್ರಮದಲ್ಲಿ ನನ್ನ ಗಡಿಯಾರವನ್ನು ತಯಾರಿಸಿದ ಕಂಪನಿಯಾಯಿತು. ಇದರ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿಯೆಂದರೆ, ಎರಡನೆಯ ಮಹಾಯುದ್ಧದಲ್ಲಿ ಅಂಗವಿಕಲರಾದ ಸೈನಿಕರಿಗಾಗಿ 1945ರಲ್ಲಿ ಇವರು ನ್ಯೂಯಾರ್ಕಿನಲ್ಲಿ ಗಡಿಯಾರ ದುರಸ್ತಿಯ ಶಾಲೆಯೊಂದನ್ನು ತೆರೆದದ್ದು. ಕಾಲು ಕಳೆದುಕೊಂಡವನಿಗೆ ಕೈ ಮತ್ತು ಕಣ್ಣುಗಳ ಏಕಾಗ್ರತೆಯಿಂದಲೇ ಜೀವನೋಪಾಯವನ್ನು ಕಲ್ಪಿಸಬಲ್ಲ ವಿದ್ಯೆ ಇದಕ್ಕಿಂತ ಬೇರೆ ಯಾವುದಿದ್ದೀತು?

ತನಗೆ ತಾನೇ ಕೀ ಕೊಟ್ಟುಕೊಳ್ಳುವ ಕೈಗಡಿಯಾರದ ಕಲ್ಪನೆಗೆ ಪೇಟೆಂಟು ಪಡೆದವನು ಜಾನ್ ಹಾರ್ವುಡ್ ಎಂಬ ಇಂಗ್ಲೆಂಡಿನವನು. ಸ್ವಿಟ್ಜರ್ಲೆಂಡಿನಲ್ಲಿ ಅವನಿಗೆ ಅದು ದೊರೆತದ್ದು 1924ರಲ್ಲಿ. ಯಂತ್ರದ ಬೆನ್ನಿನ ಮೇಲೆ ಅರ್ಧಚಂದ್ರಾಕೃತಿಯ ತೂಕದ ಲೋಹವೊಂದು ಕೂತಿರುತ್ತದೆ. ಕೈ ಬೀಸಿದಂತೆಲ್ಲ ಅದು ಹೊರಳುತ್ತದೆ. ಹೊರಳಿದ ಶಕ್ತಿಯು ಸಣ್ಣ ಚಕ್ರಗಳ ಮೂಲಕ ಹಾದು ಡಬ್ಬಿಯೊಳಗೆ ಸುತ್ತಿಟ್ಟ ಮೇನ್ ಸ್ಪ್ರಿಂಗನ್ನು ಬಿಗಿಗೊಳಿಸುತ್ತದೆ. ಈ ಸ್ಪ್ರಿಂಗೇ ಗಡಿಯಾರದ ಜಲಾಶಯ. ಇಡೀ ದಿನ ಕೈ ಆಡುತ್ತಲೇ ಇದ್ದರೆ ಸ್ಪ್ರಿಂಗು ಅತಿಯಾಗಿ ಬಿಗಿದು ತುಂಡಾಗದೇ ಎಂದು ಕೇಳಬಹುದು. ಅದಕ್ಕೂ ಉಪಾಯವುಂಟು: ಕೀ ಕೊಡುವ ವಾಚುಗಳಲ್ಲಿ ಸ್ಪ್ರಿಂಗಿನ ಹೊರತುದಿಯನ್ನು ಡಬ್ಬಿಯ ಗೋಡೆಗೆ ಸಿಕ್ಕಿಸಿರುತ್ತಾರೆ, ಆಟೊಮ್ಯಾಟಿಕ್‌ನಲ್ಲಾದರೋ ಅದು ಗೋಡೆಯನ್ನು ಒತ್ತಿ ಹಿಡಿದಿರುತ್ತದೆಯೇ ಹೊರತು ಸಿಕ್ಕಿಕೊಂಡಿರುವುದಿಲ್ಲ, ಬಿಗಿ ಮಿತಿಮೀರಿದೊಡನೆ ತಾನಾಗಿ ಜಾರಿ ಹೆಚ್ಚಿನ ಬಲವನ್ನು ಕಳೆದುಬಿಡುತ್ತದೆ. ಜಲಾಶಯ ಭರ್ತಿಯಾದಾಗ ಗೇಟುಗಳನ್ನೆತ್ತಿ ಹೆಚ್ಚುವರಿ ನೀರನ್ನು ನದಿಗೆ ಬಿಡುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಸ್ಪ್ರಿಂಗಿನ ಬಲವು ಚಕ್ರದಿಂದ ಚಕ್ರಕ್ಕೆ ಇಳಿದು ಕೊನೆಗೆ ಬ್ಯಾಲೆನ್ಸ್ ಎಂಬ ಚಕ್ರದ ಬಳಿ ಬರುತ್ತದೆ. ಕೂದಲಿನಂತಹ ಹೇರ್ ಸ್ಪ್ರಿಂಗಿನ ಆಧಾರದಿಂದ ಅತ್ತಿಂದಿತ್ತ ತೂಗುವ ಈ ಚಕ್ರವು ಒಂದೊಂದು ತೂಗಿಗೂ ಬಾಗಿಲನ್ನು ಒಮ್ಮೆ ತೆರೆದು ಮುಚ್ಚುತ್ತದೆ. ಆಗ ಕೇಳಿಬರುವುದೇ ಟಿಕ್ ಎಂಬ ಸದ್ದು. ನನ್ನ ಗಡಿಯಾರದಲ್ಲಿ ಇದು ಸೆಕೆಂಡಿಗೆ 5 ಸಲ, ಎಂದರೆ ಒಂದು ಹಗಲಿರುಳಿನಲ್ಲಿ 4,32,000 ಸಲ ನಡೆಯುತ್ತದೆ. 24 ನಿಮಿಷಕ್ಕೊಮ್ಮೆ ಮುಳುಗುತ್ತಿದ್ದ ಗಳಿಗೆಬಟ್ಟಲನ್ನು ನೋಡಿಕೊಂಡು ದಿನಕ್ಕೆ 60 ಗಳಿಗೆಗಳನ್ನೆಣಿಸಿದ ನಮ್ಮ ಪೂರ್ವಿಕರಿಗೆ ಈ ಸಂಖ್ಯೆ ಎಂಥ ವಿಸ್ಮಯವನ್ನುಂಟುಮಾಡುತ್ತಿತ್ತೊ!

ಹೊಸಪೇಟೆಯ ಪೇಟೆಬೀದಿಯಲ್ಲಿ ಗಾಜಿನ ಪೆಟ್ಟಿಗೆಯ ಹಿಂದೆ ಕುಳಿತು ಕೆಲಸ ಮಾಡುವ ಹಿರಿಯ ರಿಪೇರಿಯವರೊಬ್ಬರ ಬಳಿಗೆ ಇದನ್ನು ಒಯ್ದೆನು. ಅವರು ಕಣ್ಣಿಗೆ ಗಾಜನ್ನು ಏರಿಸಿ, ಮುಚ್ಚಳ ತೆಗೆದು, ಬಹಳ ಹೊತ್ತು ಏನನ್ನೂ ಮುಟ್ಟದೆ ಸುಮ್ಮನೆ ನೋಡಿದರು. ಹಿಂದೆ ಯಾರೋ ಇದನ್ನು ಬಿಚ್ಚಿ, ತೊಳೆಯುವ ಶ್ರಮವನ್ನುಳಿಸಿಕೊಂಡು, ಹಳೆಯ ಎಣ್ಣೆಯ ಮೇಲೆಯೇ ಹೊಸ ಎಣ್ಣೆಯನ್ನು ಸುರಿದಿದ್ದರು. “ಎಣ್ಣಿ ಹೆಚ್ಚಾದ್ರ ಕಸ ಕೂಡತೈತ್ರಿ ಸರ್. ಇದು ಕೆಟ್ಟಿಲ್ಲ, ಹೂಳು ತುಂಬೈತಿ” ಎಂದರು. ಆ ‘ಹೂಳು’ ಎಂಬ ಮಾತು ನನ್ನ ಮನಸ್ಸಿಗೆ ನಾಟಿತು. 133 ಟಿ.ಎಂ.ಸಿ. ನೀರು ಹಿಡಿಯಲೆಂದು ಕಟ್ಟಿದ ನಮ್ಮ ಜಲಾಶಯದ ಸಾಮರ್ಥ್ಯವು ಹೂಳಿನ ದೆಸೆಯಿಂದ ಸುಮಾರು 105ಕ್ಕೆ ಇಳಿದಿರುವುದು ಈ ಸೀಮೆಯ ರೈತರೆಲ್ಲರೂ ಬಲ್ಲ ದುಃಖ. ಅದೇ ವ್ಯಾಧಿ ಈ ಹಿಡಿಯಷ್ಟು ಯಂತ್ರಕ್ಕೂ ತಗಲಿತ್ತು.

ಜೀರ್ಣೋದ್ಧಾರದ ಕ್ರಮ ಹೀಗೆ. ಮೊದಲು ಹೊರಳುವ ತೂಕವನ್ನು ತೆಗೆಯುತ್ತಾರೆ. ಅನಂತರ ಸ್ಪ್ರಿಂಗಿನಲ್ಲಿ ಉಳಿದಿರಬಹುದಾದ ಬಲವನ್ನು ಮೆಲ್ಲನೆ ಇಳಿಸುತ್ತಾರೆ. ಹಾಗೆ ಇಳಿಸದೆ ಬಿಚ್ಚಿದರೆ ಚಕ್ರಗಳು ಒಮ್ಮೆಲೇ ಸುತ್ತಿ ಹಲ್ಲು ಮುರಿದುಕೊಳ್ಳುತ್ತವೆ. ಬಳಿಕ ಒಂದೊಂದೇ ಸ್ಕ್ರೂ, ಒಂದೊಂದೇ ಚಕ್ರ ಹೊರಬರುತ್ತದೆ. ಯಾವ ಸ್ಕ್ರೂ ಯಾವ ರಂಧ್ರದ್ದೆಂಬುದು ನೆನಪಿನಲ್ಲಿರಬೇಕು, ಏಕೆಂದರೆ ಕೂದಲೆಳೆಯಷ್ಟು ಉದ್ದನೆಯದು ತಪ್ಪು ಜಾಗಕ್ಕೆ ಹೋದರೂ ಕೆಳಗಿನ ಚಕ್ರಕ್ಕೆ ತಾಕುತ್ತದೆ. ಎಲ್ಲವನ್ನೂ ಪೆಟ್ರೋಲಿನಲ್ಲಿ ತೊಳೆದು, ಕೆಂಪು ಹರಳುಗಳ ರಂಧ್ರಗಳನ್ನು ಚೂಪು ಮಾಡಿದ ಕಡ್ಡಿಯಿಂದ ಒಂದೊಂದಾಗಿ ತಿರುವಿ ಶುಚಿ ಮಾಡುತ್ತಾರೆ. ಈ ಹರಳುಗಳು ಕೃತಕ ಮಾಣಿಕ್ಯಗಳು. ಅವು ಅಲಂಕಾರಕ್ಕಲ್ಲ, ಚಕ್ರದ ಅಕ್ಷವು ಸವೆಯದೆ ತಿರುಗಲೆಂದು ಇಟ್ಟವು.

ಎಣ್ಣೆಯಿಡುವುದೇ ಇದರಲ್ಲಿ ಪರಮ ವಿವೇಕದ ಕೆಲಸ. ಡಬ್ಬಿಯ ಗೋಡೆಗೆ ಸ್ಪ್ರಿಂಗು ಹದವಾಗಿ ಜಾರುವಂತೆ ದಪ್ಪ ಗ್ರೀಸು, ವೇಗವಾಗಿ ತಿರುಗುವ ಅಕ್ಷಗಳಿಗೆ ಸೂಜಿಯ ಮೊನೆಯಷ್ಟು ತೆಳು ಎಣ್ಣೆ, ಹೇರ್ ಸ್ಪ್ರಿಂಗಿಗಂತೂ ಎಣ್ಣೆಯ ವಾಸನೆಯೂ ತಗಲಕೂಡದು. ತಗಲಿದರೆ ಅದರ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ಗಡಿಯಾರ ಹುಚ್ಚು ಹಿಡಿದಂತೆ ಮುಂದೆ ಓಡುತ್ತದೆ. ಅಯಸ್ಕಾಂತದ ಸೋಂಕು ತಗಲಿದರೂ ಅದೇ ಗತಿ. ಸ್ಪೀಕರುಗಳ ಬಳಿ ಇಟ್ಟ ಹಳೆಯ ವಾಚುಗಳು ಮುಂದೆ ಓಡಲು ಅನೇಕ ವೇಳೆ ಇದೇ ಕಾರಣ. ನನ್ನ ಗಡಿಯಾರದ ಮೇನ್ ಸ್ಪ್ರಿಂಗು ಸೋತಿದ್ದರಿಂದ ಬೇರೊಂದನ್ನು ಹಾಕಬೇಕಾಯಿತು.

ಚಿಕ್ಕದನ್ನು ಕಡೆಗಣಿಸಿದರೆ ಏನಾಗುವುದೆಂಬುದನ್ನು ನಮ್ಮ ಊರು ಕಣ್ಣಾರೆ ಕಂಡಿದೆ. 2024ರ ಆಗಸ್ಟ್ 10ರ ರಾತ್ರಿ, ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ, 60 ಅಡಿ ಅಗಲದ ಆ ಗೇಟು ಪ್ರವಾಹದಲ್ಲಿ ಕೊಚ್ಚಿಹೋಯಿತು. ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನ ನಡುವೆಯೇ ತಾತ್ಕಾಲಿಕ ಗೇಟಿನ ತುಂಡುಗಳನ್ನಿಳಿಸಿ ನೀರನ್ನು ತಡೆಯುವವರೆಗೆ ನಮಗಾರಿಗೂ ನಿದ್ರೆ ಬರಲಿಲ್ಲ. ಕಟ್ಟಡ ಅಚಲವಾಗಿ ನಿಂತಿತ್ತು. ಹೋದದ್ದು ಒಂದು ಸರಪಳಿ.

ಯಂತ್ರ ನಡೆದ ಮೇಲೆ ಡಯಲಿನ ಪ್ರಶ್ನೆ ಬಂತು. ನಾಲ್ಕರ ಅಂಕಿಯ ಬಳಿ ಕಂದು ಕಲೆಯೊಂದು ಹರಡಿತ್ತು. ಹೊಸ ಬಣ್ಣ ಬಳಿದು ಅಕ್ಷರಗಳನ್ನು ಮರಳಿ ಅಚ್ಚೊತ್ತಿಸಿ ಥಳಥಳಿಸುವಂತೆ ಮಾಡುವವರು ನಮ್ಮ ದೇಶದಲ್ಲಿ ಬೇಕಾದಷ್ಟಿದ್ದಾರೆ. ನಾನು ಬೇಡವೆಂದೆನು, ಇದಕ್ಕೆ ಕಾರಣ ಹಂಪೆ. 1856ರಲ್ಲಿ ಗ್ರೀನ್‌ಲಾ ಎಂಬ ಆಂಗ್ಲ ಅಧಿಕಾರಿ ತೆಗೆದ ಛಾಯಾಚಿತ್ರದಲ್ಲಿ ವಿಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ಸ್ಪಷ್ಟವಾಗಿ ಕಾಣುತ್ತದೆ, ಇಂದು ಅದಿಲ್ಲ. ಇಲ್ಲದ ಆ ಶಿಖರವನ್ನು ಈಗ ಹೊಸ ಇಟ್ಟಿಗೆಯಲ್ಲಿ ಕಟ್ಟಿ ನಿಲ್ಲಿಸಿದರೆ ರಥವು ಅಂದವಾಗಬಹುದು, ಆದರೆ ಅದು ಹೇಳುವ ಮಾತು ನಮ್ಮದಾಗುತ್ತದೆಯೇ ಹೊರತು ಅಂದಿನವರದಾಗುವುದಿಲ್ಲ. ಬೀಳುವುದನ್ನು ಆಧರಿಸಿ ನಿಲ್ಲಿಸು, ಬಿದ್ದುಹೋದದ್ದನ್ನು ಕಲ್ಪಿಸಿ ಕೆತ್ತಬೇಡ ಎಂಬ ನೀತಿ ಶಿಲೆಗೆ ಎಷ್ಟು ಸಲ್ಲುವುದೋ ಡಯಲಿಗೂ ಅಷ್ಟೇ ಸಲ್ಲುತ್ತದೆ. ಪಾಲಿಶಿನ ವಿಷಯವೂ ಇದೇ: ಕೇಸನ್ನು ಒಮ್ಮೆ ಅತಿಯಾಗಿ ಉಜ್ಜಿದರೆ ಅದರ ಚೂಪಾದ ಅಂಚುಗಳು ಮತ್ತೆಂದೂ ಬಾರವು.

ಇನ್ನೊಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಕತ್ತಲಲ್ಲಿ ಹೊಳೆಯಲೆಂದು ಆ ಕಾಲದ ಅನೇಕ ವಾಚುಗಳ ಮುಳ್ಳುಗಳಿಗೆ ರೇಡಿಯಂ ಬೆರೆತ ಲೇಪವನ್ನು ಹಚ್ಚುತ್ತಿದ್ದರು. ಹೊಳಪು ಇಂದು ಸತ್ತಿರುತ್ತದೆ; ಆದರೆ ರೇಡಿಯಂ ಅರ್ಧಕ್ಕಿಳಿಯಲು ಸುಮಾರು 1600 ವರ್ಷ ಬೇಕು. ಆದಕಾರಣ ಆ ಲೇಪವನ್ನು ಕೆರೆಯುವುದಾಗಲಿ ಅದರ ಪುಡಿಯನ್ನು ಊದುವುದಾಗಲಿ ಸರ್ವಥಾ ಕೂಡದು.

ಅಮೆರಿಕದ ಗಡಿಯಾರವನ್ನು ಹೊಸಪೇಟೆಯಲ್ಲಿ ಬಿಚ್ಚಬಲ್ಲ ಕೈ ಹೇಗೆ ಸಿದ್ಧವಾಯಿತೆಂದು ಯೋಚಿಸಿದರೆ ಉತ್ತರ ಬೆಂಗಳೂರಿನಲ್ಲಿದೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಎಚ್.ಎಂ.ಟಿ. ಅಲ್ಲಿ ಗಡಿಯಾರದ ಕಾರ್ಖಾನೆಯನ್ನು ತೆರೆಯಿತು. ಮುಂದೆ ತುಮಕೂರಿನಲ್ಲಿಯೂ ಒಂದು ಬಂತು. ಜನತಾ ಎಂಬ ಕೀ ಕೊಡುವ ವಾಚು, ರಜತ್, ಕಾಂಚನ್ ಮೊದಲಾದ ಆಟೊಮ್ಯಾಟಿಕ್‌ಗಳು ನಮ್ಮ ಮನೆಮನೆಗೂ ಬಂದವು. ಮದುವೆಯಲ್ಲಿ ಅಳಿಯನ ಕೈಗೆ ಎಚ್.ಎಂ.ಟಿ. ಕಟ್ಟುವುದೇ ಒಂದು ಗೌರವವಾಯಿತು. ನನ್ನ ರಿಪೇರಿಯವರೂ ಅವುಗಳ ಮೇಲೆಯೇ ಕೈ ಪಳಗಿಸಿಕೊಂಡವರು. 2016ರಲ್ಲಿ ಆ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸರಕಾರ ಒಪ್ಪಿಗೆಯಿತ್ತಿತು. ಈಗ ಒಂದು ವಾಚಿಗೆ ಭಾಗ ಬೇಕಾದರೆ ಮತ್ತೊಂದು ಹಾಳಾದ ವಾಚನ್ನು ಹುಡುಕಬೇಕು. ಕಲಿಯುವ ಹುಡುಗರಾದರೋ ಅಂಗಡಿಗೆ ಬರುವುದು ವಿರಳ.

ನಿಮ್ಮ ಮನೆಯ ಪೆಟ್ಟಿಗೆಯಲ್ಲಿಯೂ ತಾತನದೋ ಮಾವನದೋ ಇಂಥದೊಂದು ಗಡಿಯಾರ ಮಲಗಿರಬಹುದು. ಅದನ್ನು ಅಲ್ಲಾಡಿಸಿ ಓಡಿಸಲು ಯತ್ನಿಸಬೇಡಿ. ಒಣಗಿದ ಎಣ್ಣೆಯಲ್ಲಿ ಓಡಿದಷ್ಟೂ ಅಕ್ಷ ಸವೆಯುತ್ತದೆ. ಅದನ್ನು ಬಲ್ಲ ಕೈಗಳು ನಮ್ಮ ಊರುಗಳಲ್ಲಿ ಇನ್ನೂ ಇರುವಾಗಲೇ ಒಯ್ದು, ಪೂರ್ತಿ ಬಿಚ್ಚಿ ತೊಳೆದು ಎಣ್ಣೆಯಿಡಿರೆಂದು ಕೇಳಿ. ಕೇಳಿದ ಹಣವನ್ನು ಚೌಕಾಸಿ ಮಾಡದೆ ಕೊಡಿ. ಡಯಲಿಗೆ ಮಾತ್ರ ಬಣ್ಣ ಹೊಡೆಸಬೇಡಿ.